ಕಾಕಾನ ಕಪಾಟಿಗೊಂದು ಹಾಯಿ

ನಮ್ಮ ಕಾಕಾ ಸಮುದ್ರ ಕಂಡವರಲ್ಲ. ಈಜು ಅವರಿಗೆ ಬರುತ್ತಿರಲಿಲ್ಲ. ಸ್ನಾನದ ಹೊತ್ತಿಗೆ ಕಾಕಿ ಬೆನ್ನ ಮೇಲೆ ಒಂದು ತಂಬಿಗೆ ನೀರು ಹೆಚ್ಚಿಗೆ ಸುರಿದರೆ "ಮುಳುಗಿಸ್ತೀ ಏನ?" ಎಂದು ಓಣಿಗೆ ಕೇಳುವಂತೆ ಕೂಗುತ್ತಿದ್ದರು. ಇಂಥ ಮನುಷ್ಯ, ಕಡಲಿನಿಂದ ನೂರಾರು ಮೈಲಿ ದೂರದ ಕಮಲಾಪುರದಲ್ಲಿ, ಒಂದು ಕಡೆ ತೊಗರಿ ಚೀಲ, ಇನ್ನೊಂದು ಕಡೆ ಕೆಂಪು ಬಾಳೆಯ ತೋಟ ಇಟ್ಟುಕೊಂಡು, ಸಮುದ್ರದ ಮೇಲೆ ದಿನಗಟ್ಟಲೆ ತೇಲುತ್ತ ಹೋಗಲೆಂದೇ ಕಟ್ಟಿದ ಹಾಯಿದೋಣಿಯೊಂದರ ಮಾಲಕರಾಗಿದ್ದರು ಎಂದರೆ ನೀವು ನಂಬುತ್ತೀರಾ? ನಾನಂತೂ ನಂಬುವುದಿಲ್ಲ. ಆ ದೋಣಿಯಲ್ಲಿ ಕುಳಿತು ಅದರ ತಳದ ನೀರನ್ನು ಡಬ್ಬಿಯಿಂದ ಮೊಗೆದು ಚೆಲ್ಲಿದವನು ನಾನೇ. ಆದರೂ ನಂಬುವುದಿಲ್ಲ!

ತಪ್ಪು ನನ್ನದಲ್ಲ. ಯಾರ ಮಾತನ್ನೂ ಸುಲಭವಾಗಿ ನಂಬಬಾರದೆಂದು ಯೂನಿವರ್ಸಿಟಿ ನನಗೆ ಕಲಿಸಿತು. ನಾನು ಅದನ್ನು ಎಷ್ಟು ಚೆನ್ನಾಗಿ ಕಲಿತೆನೆಂದರೆ ಈಗ ನನ್ನ ಮಾತನ್ನೇ ನಂಬುವುದಿಲ್ಲ. ದೋಣಿಗೆ ಹಸಿರು ಬಣ್ಣ ಇತ್ತೆಂದು ನನ್ನ ನೆನಪು. ಬಿಳಿ ಇತ್ತೆಂದು ನನ್ನ ತಂಗಿಯ ಹಟ. ಕಾಕಿಯನ್ನು ಕೇಳಿದರೆ, "ಬಣ್ಣ ಯಾರು ನೋಡ್ಯಾರೋ ತಮ್ಮಾ? ನಾ ನೋಡಿದ್ದು ಅದರಾಗಿನ ಮೆಣಸಿನಕಾಯಿ" ಎನ್ನುತ್ತಿದ್ದಳು. ಇತಿಹಾಸವನ್ನು ಇಂಥ ಸಾಕ್ಷಿಗಳನ್ನು ನಂಬಿ ಬರೆಯುವುದು ಹೇಗೆ?

ಮೆಣಸಿನಕಾಯಿಯ ವಿಷಯ ಹೀಗೆ. ಸ್ವಾತಂತ್ರ್ಯಕ್ಕೆ ಇನ್ನೂ ಒಂದೆರಡು ವರ್ಷ ಇದ್ದಾಗ, ಸಿಕಂದರಾಬಾದಿನಲ್ಲಿದ್ದ ಒಬ್ಬ ಇಂಗ್ಲಿಷ್ ದೊರೆ ತನ್ನ ಸಾಮಾನುಗಳನ್ನು ಹರಾಜಿಗೆ ಹಾಕಿ ವಿಲಾಯತಿಗೆ ಹೊರಟ. ಕಾಕಿಗೆ ಒಂದು ಒಳ್ಳೆಯ ಕಪಾಟು ಬೇಕಿತ್ತು. ದೊರೆಗಳ ಕಪಾಟು ಗಟ್ಟಿ ಎಂದು ಯಾರೋ ಹೇಳಿದ್ದಕ್ಕೆ ಕಾಕಾ ರೈಲು ಹತ್ತಿದರು. ಮನೆಯೊಳಗಿನ ಕಪಾಟುಗಳನ್ನೆಲ್ಲ ಅವರ ಮುಂದೆಯೇ ಬೇರೆಯವರು ಹೊಡೆದುಕೊಂಡರು. ಕೊನೆಗೆ ಹರಾಜಿನವನು ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದು ಒಂದು ಮುದಿ ದೋಣಿ ತೋರಿಸಿದ. ದೊರೆ ಹರೆಯದಲ್ಲಿ ಅದರಲ್ಲಿ ಕಡಲು ಸುತ್ತಿದವನಂತೆ. ಆಮೇಲೆ ಮಮತೆ ಬಿಡಲಾಗದೆ ಬೊಂಬಾಯಿಯಿಂದ ತರಿಸಿ ಹುಸೇನ್ ಸಾಗರದಲ್ಲಿ ಬಿಟ್ಟುಕೊಂಡಿದ್ದನಂತೆ. ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ದೋಣಿಯ ಹೊಟ್ಟೆಯೊಳಗೆ ಒಂದು ಕೋಣೆಯಿತ್ತು. ಅದರೊಳಗೆ ಇಳಿದು, ಎರಡು ಮಂಚ, ಮಂಚದ ಕೆಳಗೆ ಖಾನೆ, ತಲೆಯ ಮೇಲೆ ಖಾನೆ, ಖಾನೆಯೊಳಗೆ ಖಾನೆ ನೋಡಿ ಬೆರಗಾಗಿ ಹೊರಬಂದರು.

"ಇಷ್ಟು ಖಾನೆ ಇರೋ ಕಪಾಟು ಮತ್ತ ಎಲ್ಲಿ ಸಿಗತದ?" ಎಂದರು.

ಹೀಗೆ ಕಪಾಟು ತರಲು ಹೋದ ಕಾಕಾ, ತಮ್ಮ ಪ್ರಕಾರ ಕಪಾಟನ್ನೇ ತಂದರು! ಗೂಡ್ಸ್ ಗಾಡಿಯಲ್ಲಿ ಕಲಬುರಗಿಯವರೆಗೆ ಬಂತು. ಅಲ್ಲಿಂದ ಎರಡು ಬಂಡಿಗಳನ್ನು ಒಂದರ ಹಿಂದೊಂದು ಕಟ್ಟಿ, ಅದರ ಮೇಲೆ ದೋಣಿ ಹೇರಿ ಕಮಲಾಪುರದ ದಾರಿ ಹಿಡಿದರು. ಮಹಾಗಾಂವದ ಹೆಣ್ಣುಮಕ್ಕಳು ಇದು ಯಾವುದೋ ದೂರದ ದೇವರ ಪಲ್ಲಕ್ಕಿ ಎಂದುಕೊಂಡು ಗಾಲಿಗೆ ನೀರು ಹಾಕಿ ಕಾಯಿ ಒಡೆದರು. ಕಾಕಾ ಬೇಡವೆನ್ನಲಿಲ್ಲ. ಒಂದು ಹೋಳನ್ನು ಪ್ರಸಾದವೆಂದು ತಿರುಗಿ ಕೊಟ್ಟು, ಇನ್ನೊಂದನ್ನು ದಾರಿಯುದ್ದಕ್ಕೂ ಕಡಿಯುತ್ತ ಬಂದರು.

ಕಾಕಿ ಅಂಗಳಕ್ಕೆ ಬಂದ ಕಪಾಟನ್ನು ಸುತ್ತು ಹಾಕಿ ನೋಡಿದಳು. "ಇದರ ಬಾಗಿಲು ಮ್ಯಾಲ ಅದ ಅಲ್ರೀ?" ಎಂದು ಕೇಳಿದಳು. ಅಷ್ಟೇ ದೂರು. ಮರುದಿನದಿಂದ ಅದರೊಳಗೆ ಮೆಣಸಿನಕಾಯಿ, ಶೇಂಗಾ, ಹಪ್ಪಳ ಸೇರಿದವು. ಮುಂಬದಿಯ ಖಾನೆಯಲ್ಲಿ ಮಡಿಸಿಟ್ಟಿದ್ದ ದಪ್ಪ ಬಟ್ಟೆಯನ್ನು ಅವಳು ಶೇಂಗಾ ಚೀಲಕ್ಕೆ ಹೊದಿಸಿದಳು. ಶೇಂಗಾಕ್ಕೆ ಇಲಿ ಬಂದವು. ಇಲಿಗಳು ಶೇಂಗಾ ತಿಂದು, ಬಾಯಿ ಒರೆಸಿಕೊಳ್ಳಲೋ ಏನೋ, ಆ ಬಟ್ಟೆಯನ್ನೂ ತಿಂದವು.

ಅದು ಬರಿಯ ಬಟ್ಟೆಯಲ್ಲ ಎಂದು ಮೊದಲು ಹೇಳಿದವರು ಖಾದರ್ ಮಾಸ್ತರರು.

ಮಾಸ್ತರರು ಊರಿನ ಉರ್ದು ಸಾಲೆಯವರು. ಊರ ಕೆರೆಯ ಈಚೆ ದಂಡೆಗೆ ನಮ್ಮ ಮನೆ, ಆಚೆ ದಂಡೆಗೆ ಅವರ ಮನೆ. ದಿನಾ ಸಂಜೆ ಕೆರೆ ಸುತ್ತಿಕೊಂಡು ನಮ್ಮ ಅಂಗಳಕ್ಕೆ ಬಂದು, ಕಾಕಾನೊಡನೆ ಚಹಾ ಕುಡಿದು, ಜಗಳವಾಡಿ ಹೋಗುವುದು ಅವರ ವಾಡಿಕೆ. ಚಹಾ ಇಲ್ಲದಿದ್ದರೂ ನಡೆಯುತ್ತಿತ್ತು, ಜಗಳ ಇರಲೇಬೇಕು. ಅವರ ಅಜ್ಜ ಅರಬಸ್ತಾನದಿಂದ ಹಡಗಿನಲ್ಲಿ ಬಂದು ನಿಜಾಮರ ಫೌಜಿಗೆ ಸೇರಿದವರಂತೆ. ಆದ್ದರಿಂದ ಸಮುದ್ರದ ಸಕಲ ವಿದ್ಯೆಯೂ ತಮಗೆ ರಕ್ತದಲ್ಲೇ ಬಂದಿದೆ ಎಂದು ಮಾಸ್ತರರ ನಂಬಿಕೆ.

"ನಮ್ಮ ದಾದಾ ಇಂಥ ಹಾಯಿ ಕೆಳಗೇ ಕುಂತು ಸಮುದ್ರ ದಾಟ್ಯಾರ, ಸಾವಕಾರ!"

"ನಿಮ್ಮ ದಾದಾ ದಾಟಿದ್ದು ಖರೆ ಅದ ಮಾಸ್ತರ್. ದಾಟೋತನಾ ವಾಂತಿ ಮಾಡಕೋತ ಬಂದಾರಂತ ನಿಮ್ಮ ಅಮ್ಮಾನೇ ಹೇಳ್ಯಾಳ!"

ದೋಣಿಯ ಜೊತೆಗೆ ದೊರೆಯ ಒಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ಮಾಸ್ತರರು ಅದನ್ನು ಓದಿ, ಉರ್ದುವಿಗೆ ತಿರುಗಿಸಿ, ಕಾಕಾಗೆ ಕನ್ನಡದಲ್ಲಿ ಹೇಳುತ್ತಿದ್ದರು. ಈ ಮೂರು ಹೊಸ್ತಿಲು ದಾಟಿ ಬರುವಷ್ಟರಲ್ಲಿ ದೊರೆಯ ಮಾತು ಎಷ್ಟು ಉಳಿಯುತ್ತಿತ್ತೋ ದೇವರೇ ಬಲ್ಲ. ಆದರೂ ಒಂದು ಮಳೆಗಾಲದ ಕೊನೆಗೆ, ಕೆರೆ ತುಂಬಿದ್ದಾಗ, ಇಬ್ಬರೂ ಮೆಣಸಿನಕಾಯಿ ಖಾಲಿ ಮಾಡಿಸಿ ಕಪಾಟನ್ನು ನೀರಿಗೆ ಬಿಟ್ಟರು. ಈ ದಂಡೆಯಿಂದ ಆ ದಂಡೆಗೆ, ಅಂದರೆ ನಮ್ಮ ಅಂಗಳದಿಂದ ಮಾಸ್ತರರ ಬಾಗಿಲಿಗೆ ಹಾಯಿ ಹಾಕಿಕೊಂಡು ಹೋಗಿ ಅಲ್ಲಿ ಚಹಾ ಕುಡಿಯಬೇಕು. ಅದು ಅವರ ಜನ್ಮದ ಆಸೆಯಾಯಿತು. ಕೊಲಂಬಸನಿಗೂ ಇಷ್ಟೇ ಆಸೆ ಇತ್ತೋ ಇಲ್ಲವೋ, ಚಹದ ಆಸೆಯಂತೂ ಇರಲಿಲ್ಲ.

ದೋಣಿ ಹೊರಟಿತು. ನಡುಗೆರೆಗೆ ಬರುವ ಮುಂಚೆಯೇ, ಬೈದ ಮನೆಯವರ ಎದುರು ಸೊಸೆ ಮುಖ ತಿರುಗಿಸುವ ಹಾಗೆ, ಗಾಳಿಗೆ ಎದುರು ಮುಖ ಮಾಡಿ ನಿಂತುಬಿಟ್ಟಿತು. ಎಷ್ಟು ತಿರುವಿದರೂ ಮತ್ತೆ ಅದೇ ಕಡೆಗೆ. ಸಂಜೆ ಎಮ್ಮೆ ತೊಳೆಯಲು ಬಂದವರು ಹಗ್ಗ ಕಟ್ಟಿ ಎಳೆದು ತಂದರು.

ಮಾಸ್ತರರು ಪುಸ್ತಕ ತೆರೆದು ತೀರ್ಪು ಹೇಳಿದರು: ಕಂಬದ ಹಿಂದಿನ ದೊಡ್ಡ ಹಾಯಿ ದೋಣಿಯ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸುತ್ತದೆ. ಕಂಬದ ಮುಂದಿನ ಮುಮ್ಮೂಲೆಯ ಸಣ್ಣ ಹಾಯಿ ಅದನ್ನು ಆಚೆಗೆ ತಳ್ಳುತ್ತದೆ. ಎರಡೂ ಜಗ್ಗಾಡಿದರೆ ಮಾತ್ರ ದೋಣಿ ನೆಟ್ಟಗೆ ಹೋಗುವುದು. ಆ ಸಣ್ಣ ಹಾಯಿ ಎಲ್ಲಿ? ಇಲಿಯ ಹೊಟ್ಟೆಯಲ್ಲಿ!

"ಅಂದ್ರ, ಜಗಳಾಡಾಕ ಇನ್ನೊಬ್ಬ ಬೇಕು ಅನ್ನು" ಎಂದರು ಕಾಕಾ.

ಅಲ್ಲಿಂದ ಶುರುವಾಯಿತು ಹಾಯಿಗೆ ಅರಿವೆ ಹುಡುಕುವ ಕೆಲಸ. ನಮ್ಮ ಮನೆತನದಲ್ಲಿ ಹೆಣ್ಣು ನೋಡುವುದಕ್ಕೂ ಅಷ್ಟು ತಿರುಗಾಟವಾಗಿಲ್ಲ. ನಾನಾಗ ಹೈದರಾಬಾದಿನಲ್ಲಿ ಬಿ.ಎ. ಓದುತ್ತಿದ್ದೆ. ಗಲಾಟೆಯ ದಿನಗಳಾದ್ದರಿಂದ ಕಾಲೇಜು ತೆರೆದಿದ್ದಕ್ಕಿಂತ ಮುಚ್ಚಿದ್ದೇ ಹೆಚ್ಚು. ಊರಿಗೆ ಬಂದಾಗೆಲ್ಲ ಕಾಕಾ "ಏ ಬಿ.ಎ., ನಡಿ" ಎಂದು ಕಲಬುರಗಿಯ ಚೌಕಕ್ಕೆ ಎಳೆದೊಯ್ಯುತ್ತಿದ್ದರು. ಜೊತೆಗೆ ಮಾಸ್ತರರು.

ಅರಿವೆ ಅಂಗಡಿಯವನು ಗಾದಿಯ ಮೇಲಿಂದ ಕೇಳುತ್ತಿದ್ದ: "ಯಾರಿಗೆ ಬೇಕ್ರೀ ಸಾವಕಾರ್ರ?"

"ಕಪಾಟಕ್ಕ."

"ಪರದೆ ಏನ್ರೀ?"

"ಪರದೆ ಅಲ್ಲೋ, ಹಾಯಿ. ಗಾಳಿ ಹಿಡೀಬೇಕು, ನೀರು ಕುಡೀಬಾರದು, ತೂಕ ಇರಬಾರದು."

"ನಮ್ಮಲ್ಲಿ ಗಾಳಿ ಆಡೋ ಅರಿವಿ ಅದಾವ್ರಿ. ಗಾಳಿ ಹಿಡಿಯೋದು ಈ ಊರಾಗ ಯಾರ್ ತಗೋತಾರ್ರೀ? ಬ್ಯಾಸಿಗ್ಯಾಗ ಸತ್ತ ಹೋಗ್ತಾರ!"

ಇಬ್ಬರಿಗೂ ಮಾತಿನ ಮೇಲೆ ಭರವಸೆ ಇರಲಿಲ್ಲ. ಪರೀಕ್ಷೆಯಾಗಲೇಬೇಕು. ನಾನು ಅರಿವೆಯನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿಯಬೇಕು. ಮಾಸ್ತರರು ಈಚೆಯಿಂದ ಗಲ್ಲ ಉಬ್ಬಿಸಿ ಊದಬೇಕು. ಕಾಕಾ ಆಚೆ ಕಡೆ ಕಡ್ಡಿ ಗೀರಿ ಹಿಡಿಯಬೇಕು. ಜ್ವಾಲೆ ಅಲುಗಿದರೆ ಅರಿವೆ ನಾಪಾಸು. ಧೋತರದ ಬಟ್ಟೆ ನಾಪಾಸು, ಮಲ್ಮಲ್ ನಾಪಾಸು. ತಾಡಪತ್ರಿ ಪಾಸು, ಆದರೆ ಅದನ್ನು ಎತ್ತಿ ಕಟ್ಟಿದರೆ ದೋಣಿಯ ಮೂತಿ ನೀರು ಕುಡಿಯುತ್ತದೆ. ಒಂದು ದಪ್ಪ ಲಟ್ಠಾ ಪಾಸಾಗುವುದರಲ್ಲಿತ್ತು. ಖುಷಿಗೆ ಕಾಕಾ ಕಡ್ಡಿಯನ್ನು ಇನ್ನಷ್ಟು ಹತ್ತಿರ ತಂದರು. ಥಾನಿನ ನಟ್ಟನಡುವೆ ಒಂದು ತೂತಾಯಿತು. ಅಂಗಡಿಯವನು ನಮ್ಮನ್ನು ಹೊರಗೆ ಹಾಕುವಾಗ ಮಾಸ್ತರರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: "ಈಗಂತೂ ಇದು ನಾಪಾಸೇ, ಸಾವಕಾರ. ಗಾಳಿ ಆಡಾಕತ್ತದ!"

ಹೀಗೆ ಹಾಯಿಯ ಆಯ್ಕೆ ತೂಕ, ಗಾಳಿ, ನೀರಿನ ಮಾತಾಗಿಯೇ ಉಳಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಅದು ರಜಾಕಾರರ ಹಾವಳಿಯ ವರ್ಷ. ಹಾಯಿಗೆ ಬಣ್ಣವೂ ಒಂದಿರುತ್ತದೆ ಎಂಬುದನ್ನು ಅಲ್ಲಿಯವರೆಗೆ ನಾವು ಯಾರೂ ಗಮನಿಸಿರಲಿಲ್ಲ.

ಬೇರೆ ಅಂಗಡಿಯಲ್ಲಿ ಒಂದಿಷ್ಟು ಬಿಳಿ ಖಾದಿ ಸಿಕ್ಕಿತು. ತಿರುಗಿ ಬರುವಾಗ ದಾರಿ ತಡೆದು ತಪಾಸಣೆ ಮಾಡುವ ನಾಕಾದಲ್ಲಿ ನಿಜಾಮರ ಜವಾನ ಗಂಟು ಬಿಚ್ಚಿಸಿದ. ಮುಮ್ಮೂಲೆಯಾಗಿ ಕತ್ತರಿಸಿದ ಬಟ್ಟೆ, ಒಂದು ಮೂಲೆಗೆ ಹಗ್ಗ. "ಯೇ ಝಂಡಾ ಹೈ ಕ್ಯಾ?"

"ಝಂಡಾ ಅಲ್ಲ ಸಾಹೇಬ, ಕಪಾಟಿನ ಹಾಯಿ" ಎಂದರು ಕಾಕಾ.

ಆ ಉತ್ತರ ಕೇಳಿದ ಮೇಲೆ ಯಾವ ಜವಾನ ತಾನೇ ಬಿಟ್ಟಾನು? ಬಟ್ಟೆ ಅಲ್ಲೇ ಉಳಿಯಿತು. ಮಾಸ್ತರರ ಉರ್ದುವಿನಿಂದಾಗಿ ನಾವು ಮಾತ್ರ ಮನೆಗೆ ಬಂದೆವು.

ಯೋಚಿಸಿ ನೋಡಿದರೆ ಜವಾನನ ತಪ್ಪೇನಿತ್ತು? ಕಂಬಕ್ಕೆ ಏರಿಸುವ ಬಟ್ಟೆ ಎಂದರೆ ಆಗ ಝಂಡಾ, ಅಷ್ಟೇ. ಬಿಳಿ ಖಾದಿ ಕಾಂಗ್ರೆಸ್ಸಿನದು. ಹಳದಿ ನಿಜಾಮರದು. ಕೆಂಪು, ತೆಲಂಗಾಣದಲ್ಲಿ ಬಂದೂಕು ಹಿಡಿದವರದು. ಹಸಿರು ಒಬ್ಬರದು, ಕಾವಿ ಇನ್ನೊಬ್ಬರದು. ಆ ವರ್ಷ ನಮ್ಮ ಸೀಮೆಯಲ್ಲಿ ಅನಾಥವಾದ ಬಣ್ಣ ಒಂದೂ ಉಳಿದಿರಲಿಲ್ಲ.

ಇದೆಲ್ಲ ತಿಳಿದೂ ತಿಳಿದೂ ಆ ಇಬ್ಬರು ಶಾಣ್ಯಾರು ಮಾಡಿದ್ದೇನು? ಒಂದು ಸಂಜೆ ಮಾಸ್ತರರು ಬಗಲಲ್ಲಿ ಗಂಟು ಇಟ್ಟುಕೊಂಡು ಬಂದರು. ಸಾಲೆಯ ನಾಟಕದ ಹಳೆಯ ಪರದೆ, ದಪ್ಪಗಿದೆ, ಪುಕ್ಕಟೆ ಸಿಕ್ಕಿದೆ ಎಂದು ಬಿಚ್ಚಿದರು. ಹಸಿರು! ಅದೇ ದಿನ ಕಾಕಾ ಒಂದು ಮಠದ ಹಳೆಯ ಡೇರೆ ತಂದು ಮಡಿಸಿಟ್ಟಿದ್ದರು. ಅದನ್ನು ಎದುರಿಗೆ ಹರವಿದರು. ಕಾವಿ! ಎರಡೂ ಬಟ್ಟೆ ಕಟ್ಟೆಯ ಮೇಲೆ ಅಕ್ಕಪಕ್ಕ ಬಿದ್ದುಕೊಂಡವು. ಇಬ್ಬರೂ ಅರಿವೆ ನೋಡಿದರು, ಮುಖ ನೋಡಿದರು.

"ನೀನೂ ಆ ಕಡೆಯವನಾದೆಲ್ಲೋ ಮಾಸ್ತರ್" ಎಂದರು ಕಾಕಾ.

"ನಾ ಪುಕ್ಕಟೆ ಸಿಕ್ಕದ್ದು ತಂದೀನಿ. ನೀ ಆರಿಸಿ ತಂದೀ. ಯಾರು ಯಾವ ಕಡೆ ಅಂತ ಕಾಣತದ" ಎಂದರು ಮಾಸ್ತರರು.

ಚಹಾ ಬಂದಿತ್ತು. ಇಬ್ಬರೂ ಮುಟ್ಟಲಿಲ್ಲ. ಇಷ್ಟು ವರ್ಷ ದಿನಾ ಜಗಳವಾಡಿದವರು ಅಂದು ಜಗಳವಾಡದೆ ಎದ್ದರು. ಕಾಕಿಗೆ ಹೆದರಿಕೆಯಾಗಿದ್ದು ಅದಕ್ಕೇ. "ಬೈದಾಡಿದ್ರ ಚಲೋ ಇತ್ತೋ ತಮ್ಮಾ, ಸುಮ್ಮನ ಹೋದರಲ್ಲ" ಎಂದಳು.

ಮಾಸ್ತರರು ಆಮೇಲೆ ಬರಲಿಲ್ಲ. ಸಂಜೆಯಾದರೆ ಕಾಕಾ ದೋಣಿಗೆ ಒರಗಿ, ಕೆರೆಯ ಕಡೆಗೆ ಬೆನ್ನು ಮಾಡಿ ಕೂರುತ್ತಿದ್ದರು. ಆಚೆ ದಂಡೆಯಲ್ಲಿ ಮಾಸ್ತರರೂ ಇತ್ತ ಬೆನ್ನು ಮಾಡಿ ಕೂರುತ್ತಾರೆಂದು ಎಮ್ಮೆಯವರು ಸುದ್ದಿ ತಂದರು. ನಡುವೆ ಅಷ್ಟು ದೊಡ್ಡ ಕೆರೆ. ಬೆನ್ನು ಕಾಣುವುದೇ ಸಂಶಯ. ಆದರೂ ಇಬ್ಬರೂ ತಪ್ಪದೆ ತೋರಿಸುತ್ತಿದ್ದರು!

ಬೇಸಿಗೆ ಹೋಯಿತು. ಮಳೆ ಬಂತು. ಪೊಲೀಸ್ ಆ್ಯಕ್ಷನ್ ಆಯಿತು. ಫೌಜು ಬಂತು, ನಿಜಾಮರ ಆಳಿಕೆ ಮುಗಿಯಿತು. ಅದಕ್ಕೆ ಮುಂಚೆ ಒಂದು ಕಡೆಯವರ ಮನೆಗಳಲ್ಲಿ ಆಗಬಾರದ್ದು ಆಗಿತ್ತು. ಆಮೇಲೆ ಇನ್ನೊಂದು ಕಡೆಯವರ ಮನೆಗಳಲ್ಲಿ ಆಗಬಾರದ್ದು ಆಯಿತು. ಅದನ್ನು ನಗೆಯ ಬರಹದಲ್ಲಿ ಹೇಳುವ ಧೈರ್ಯ ನನಗಿಲ್ಲ. ನಮ್ಮೂರಲ್ಲಿ ಹೆಚ್ಚೇನೂ ಆಗಲಿಲ್ಲ ಎಂದು ನನ್ನ ನೆನಪು. ಆದರೆ ನಮ್ಮ ನೆನಪುಗಳು ನಮ್ಮೂರಿಗೆ ಯಾವಾಗಲೂ ಸ್ವಲ್ಪ ಕರುಣೆ ತೋರುತ್ತವಲ್ಲವೆ? ಮಾಸ್ತರರ ಮನೆಯ ಬಾಗಿಲು ಹಗಲೂ ಮುಚ್ಚಿರುತ್ತಿತ್ತು ಎಂಬುದಂತೂ ಸುಳ್ಳಲ್ಲ.

ಒಂದು ದಿನ ಕಾಕಿ ನೀರಿಗೆ ಹೋದವಳು ಸುದ್ದಿ ತಂದಳು. ಮಾಸ್ತರರು ಹೆಂಡತಿಯ ಅಣ್ಣನ ಕಡೆಗೆ, ಹೈದರಾಬಾದಿಗೆ ಹೋಗಿಬಿಡುತ್ತಾರಂತೆ. ಬರುವ ಗುರುವಾರ ಬಂಡಿ ಹೇಳಿದ್ದಾರಂತೆ. ತಿರುಗಿ ಬರುವ ಮಾತಿಲ್ಲವಂತೆ.

ಕಾಕಾ ಬಾಳೆಹಣ್ಣು ಸುಲಿಯುತ್ತಿದ್ದವರು ಸುಲಿಯುವುದನ್ನು ನಿಲ್ಲಿಸಿದರು. "ಹೋಗ್ಲಿ" ಎಂದರು. ಅರ್ಧ ಸುಲಿದ ಹಣ್ಣನ್ನು ಕೆಳಗಿಟ್ಟು, "ಯಾವ ಗುರುವಾರ?" ಎಂದರು.

"ಹೋಗಿ ಮಾತಾಡ್ರಿ. ಬ್ಯಾಡ ಅನ್ರಿ" ಎಂದಳು ಕಾಕಿ.

"ಮಾತು ಬಿಟ್ಟಾವ ಅವ. ಅವನ ಬಾಗಿಲಿಗೆ ನಾ ಯಾಕ ನಡಕೋತ ಹೋಗ್ಲಿ?"

"ನಡಕೋತ ಹೋಗಬ್ಯಾಡ್ರಿ. ಕಪಾಟಿನ್ಯಾಗ ಕುಂತು ಹೋಗ್ರಿ!"

ಇದು ಚೇಷ್ಟೆಯ ಮಾತೆಂದು ನಾನು ನಕ್ಕೆ. ಅವರಿಬ್ಬರೂ ನಗಲಿಲ್ಲ. ಕಾಕಾ ಬಹಳ ಗಂಭೀರವಾಗಿ, "ಮುಂದಿನ ಹಾಯಿ ಎಲ್ಲದ?" ಎಂದರು. "ಯಾವ ಬಣ್ಣದ್ದು ಹಾಕಲಿ ಹೇಳು. ಈಗ ಹಸಿರು ಹಾಕಿದ್ರ ಫೌಜಿನವರು ಹಿಡೀತಾರ. ಕಾವಿ ಹಾಕಿದ್ರ ಅವ ಬಾಗಿಲು ತೆಗೆಯಂಗಿಲ್ಲ. ಮೂರು ಬಣ್ಣ ಹಾಕಿದ್ರ, ಸರಕಾರದ ಕಡಿಂದ ಬಂದಾನ ಅಂತ ಹಿಂದಿನ ಬಾಗಿಲಿಂದ ಓಡತಾನ."

ಕಾಕಿ ಒಳಗೆ ಹೋಗಿ ಹರಕು ಅರಿವೆಯ ಗಂಟು ತಂದು ಅವರ ಮುಂದೆ ಸುರಿದಳು. "ಎಲ್ಲಾ ಬಣ್ಣ ಹಾಕ್ರಿ" ಎಂದಳು.

ನಮ್ಮ ಕಡೆ ಮನೆಮನೆಗೂ ಕೌದಿ ಇರುತ್ತದೆ. ಮನೆಯವರ ಹಳೆಯ ಸೀರೆ, ಕುಪ್ಪಸ, ಧೋತರ, ಅಂಗಿ, ಎಲ್ಲದರ ತುಂಡುಗಳನ್ನು ಒಂದಕ್ಕೊಂದು ಸೇರಿಸಿ ಒತ್ತಾಗಿ ಹೊಲಿಗೆ ಹಾಕಿದ ಹೊದಿಕೆ ಅದು. ಅದರಲ್ಲಿ ಎಲ್ಲ ಬಣ್ಣವೂ ಇರುತ್ತದೆ. ಆದರೆ ಕೌದಿಗೆ ಯಾವ ಬಣ್ಣ ಎಂದು ಯಾರೂ ಕೇಳುವುದಿಲ್ಲ!

ಬಿ.ಎ. ಓದಿದ ನಾನು ಸುಮ್ಮನಿರುವುದುಂಟೆ? "ಕಾಕಿ, ಕೌದಿ ಹಾಯಿ ಆಗೂದಿಲ್ಲ. ಭಾರ, ನೀರು ಕುಡೀತದ" ಎಂದು ತಕರಾರು ತೆಗೆದೆ.

"ಚಳಿಗಾಲದಾಗ ಕೌದಿ ದಾಟಿ ಗಾಳಿ ಬಂದದ್ದು ಎಂದರ ನೋಡೀಯೇನು? ಒಂದ ಪದರಾ ಹೊಲೀತೀನಿ, ಭಾರ ಆಗಂಗಿಲ್ಲ. ನೀ ಕಡ್ಡಿ ಗೀರಬ್ಯಾಡ, ಅಷ್ಟು ಮಾಡು."

ಓಣಿಯ ಹೆಣ್ಣುಮಕ್ಕಳು ನಮ್ಮ ಕಟ್ಟೆಯ ಮೇಲೆ ಸೂಜಿ ಹಿಡಿದು ಕೂತರು. ಮುಮ್ಮೂಲೆಯ ಕೌದಿ ಯಾರೂ ಕಂಡಿರಲಿಲ್ಲ. "ಯಾರಿಗವ್ವಾ ಇದು? ಒಂದ ಕಾಲು ಇದ್ದವರಿಗೇನ?" ಎಂದು ಒಬ್ಬಳು ನಗಿಸಿದಳು. ಎಲ್ಲರ ಮನೆಯ ತುಂಡೂ ಬಂದವು. ಹಸಿರು ಪರದೆಯದೂ ಒಂದು, ಕಾವಿ ಡೇರೆಯದೂ ಒಂದು. ಕಾಕಿ ಕೆರೆ ಸುತ್ತಿ ಮಾಸ್ತರರ ಹಿತ್ತಲ ಬಾಗಿಲಿಗೂ ಹೋದಳು. ಅವರ ಮನೆಯಾಕೆ ಗಂಟು ಕಟ್ಟುತ್ತಿದ್ದ ಕೈಯಲ್ಲೇ, ಯಾಕೆಂದು ಕೇಳದೆ, ಮಾಸ್ತರರ ಹಳೆಯ ಶೇರ್ವಾನಿಯ ತೋಳೊಂದನ್ನು ಕತ್ತರಿಸಿ ಕೊಟ್ಟಳಂತೆ. ಕರಿಯ ಬಟ್ಟೆ, ಮೊಣಕೈಯ ಹತ್ತಿರ ಸೀಮೆಸುಣ್ಣದ ಗುರುತು ಇನ್ನೂ ಹೋಗಿರಲಿಲ್ಲ ಎಂದು ನನ್ನ ನೆನಪು. ಕರಿದಲ್ಲ, ಕಡು ನೀಲಿ ಎಂದು ನನ್ನ ತಂಗಿ. ಇರಲಿ.

ಕಾಕಾ ಆ ತುಂಡನ್ನು ಬಹಳ ಹೊತ್ತು ಹಿಡಿದಿದ್ದರು. ಆಮೇಲೆ, "ಇದು ಹಾಯಿಯ ಮುಂದಿನ ಮೂಲಿಗೆ ಇರಲಿ. ಅವಗ ಎಲ್ಲಾದರಾಗೂ ಮುಂದ ಇರಬೇಕು" ಎಂದರು.

ಕೌದಿ ಹೊಲಿದು ಮುಗಿಸುವಾಗ ಕೊನೆಯ ಮೂಲೆಯೊಳಗೆ ಒಂದು ರೊಟ್ಟಿಯ ಚೂರು ಇಟ್ಟು ಹೊಲಿಯುವುದು ನಮ್ಮ ಮನೆಯ ರೂಢಿ. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಕಾಕಾ ಹೌಹಾರಿದರು. "ಏ, ರೊಟ್ಟಿ ಇಟ್ರ ಮತ್ತ ಇಲಿ ಬರತಾವ!"

"ಬರ್ಲಿ. ಹಸಿದ ಕೌದಿ ಯಾರನ್ನೂ ಬೆಚ್ಚಗ ಇಡಂಗಿಲ್ಲ" ಎಂದು ಕಾಕಿ ರೊಟ್ಟಿಯ ಜೊತೆ ಎರಡು ಬೇವಿನ ಎಲೆ ಇಟ್ಟು ಹೊಲಿದೇಬಿಟ್ಟಳು.

ಗುರುವಾರ ಬೆಳಿಗ್ಗೆ ದೋಣಿ ನೀರಿಗಿಳಿಯುವ ಹೊತ್ತಿಗೆ ಹೊಸ ಸರಕಾರದ ಜವಾನನೊಬ್ಬ ಸೈಕಲ್ಲಿನಲ್ಲಿ ಬಂದ. ಕಂಬದ ಮೇಲೆ ಏನೋ ಏರುತ್ತಿದೆ! ಅವನು ಯಾವ ಸೀಮೆಯವನೋ, ಹಿಂದಿಯಲ್ಲಿ ಗದರಿದ: "ಯೇ ಕಿಸ್ ಪಾರ್ಟಿ ಕಾ ಝಂಡಾ ಹೈ?"

ಹಾಯಿ ಬಿಚ್ಚಿಕೊಂಡಿತು. ಇಳಕಲ್ ಸೀರೆಯ ಕೆಂಪು, ಧೋತರದ ಬಿಳಿ, ಹಸಿರು, ಕಾವಿ, ಯಾರದೋ ಲಂಗದ ಹೂವು, ಯಾರದೋ ಗಾದಿಯ ಪಟ್ಟೆ. ಜವಾನ ಕತ್ತು ಓರೆ ಮಾಡಿ ಎಲ್ಲ ಕಡೆಯಿಂದ ನೋಡಿದ. ಅವನಿಗೆ ಕಲಿಸಿದ್ದ ಯಾವ ಪಾರ್ಟಿಗೂ ಅದು ಹೊಂದಲಿಲ್ಲ.

"ಮುದುಕೇರ ಪಾರ್ಟಿದು, ಸಾಹೇಬ" ಎಂದಳು ಕಾಕಿ ದಂಡೆಯಿಂದ. ಅವನಿಗೆ ಕನ್ನಡ ತಿಳಿಯಲಿಲ್ಲ. ತಿಳಿದವನಂತೆ ತಲೆಯಾಡಿಸಿ ಹೋದ.

ಕಾಕಾ ಚುಕ್ಕಾಣಿ ಹಿಡಿದರು. ನಾನು ಡಬ್ಬಿ ಹಿಡಿದೆ. ದೋಣಿ ಹೊರಟಿತು. ಈ ಸಲ ಮುಖ ತಿರುಗಿಸಲಿಲ್ಲ! ಕೌದಿ ಹೊಟ್ಟೆ ಉಬ್ಬಿಸಿಕೊಂಡು, ದೊಡ್ಡ ಹಾಯಿಯ ಜೊತೆ ಜಗ್ಗಾಡುತ್ತ, ದೋಣಿಯನ್ನು ನೆಟ್ಟಗೆ ಎಳೆಯಿತು. ನನ್ನ ಇಡೀ ವಿಜ್ಞಾನ ಸುಳ್ಳಾಯಿತು. ನಡುಗೆರೆ ದಾಟಿದೆವು. ಆಚೆ ದಂಡೆಯಲ್ಲಿ ಬಂಡಿ ನಿಂತಿತ್ತು. ಮೇಲೆ ಟ್ರಂಕು, ಹಾಸಿಗೆ. ಬಂಡಿಯ ಪಕ್ಕ ಮಾಸ್ತರರು ನಮ್ಮ ಕಡೆಗೆ ಬೆನ್ನು ಮಾಡಿ ನಿಂತಿದ್ದರು. ಅವರಿಗೆ ನಾವು ಬರುವುದು ಕಂಡಿತ್ತು. ಕಾಣದಿದ್ದರೆ ಅಷ್ಟು ನೆಟ್ಟಗೆ ಬೆನ್ನು ಮಾಡಲು ಯಾರಿಗೂ ಆಗುವುದಿಲ್ಲ.

ದಂಡೆ ಇನ್ನೇನು ಹತ್ತಿರ ಎನ್ನುವಾಗ ಗಾಳಿ ತಿರುಗಿತು. ಮುಂದಿನ ಹಾಯಿ ಹಿಂದುಮುಂದಾಗಿ ಕಂಬಕ್ಕೆ ಬಡಿದು ಅಂಟಿಕೊಂಡಿತು. ದೋಣಿ ಒಂದು ಕಡೆಗೆ ವಾಲಿ, ಇದ್ದಲ್ಲೇ ನಿಂತು, ಮೆಲ್ಲಗೆ ಹಿಂದಕ್ಕೆ ಸರಿಯತೊಡಗಿತು. ಹಾಯಿಯ ಹಗ್ಗ ಸಡಿಲಿಸಬೇಕು, ಅಷ್ಟೇ. ಕಾಕಾ ಅದನ್ನು ಇನ್ನೂ ಬಿಗಿಯಾಗಿ ಜಗ್ಗಿದರು. ದೋಣಿ ಇನ್ನೂ ವಾಲಿತು. ನೀರು ಒಳಗೆ ಬಂತು. ನಾನು ಡಬ್ಬಿ ಬಿಟ್ಟು ಎರಡೂ ಕೈಯಲ್ಲಿ ಮೊಗೆದೆ.

ದಂಡೆಯ ಮೇಲೆ ಬೆನ್ನು ಒಂದು ಸಲ ಅಲುಗಿತು. ಇನ್ನೊಂದು ಸಲ. ಆಮೇಲೆ ಸರ್ರನೆ ತಿರುಗಿತು.

"ಹಗ್ಗ ಬಿಡೋ, ಹೈವಾನ್!"

ಎಷ್ಟು ತಿಂಗಳ ಮೇಲಿನ ಮೊದಲ ಮಾತು! ಕಾಕಾ ಕಿವಿಗೆ ಕೈ ಹಚ್ಚಿ, "ಏನಂದೀ? ಕೇಳವಲ್ದು!" ಎಂದು ಕೂಗಿದರು.

"ಹಗ್ಗ! ಹಗ್ಗ ಬಿಡು! ಕಿತಾಬ್‌ನಾಗ ಇಪ್ಪತ್ತು ಸಲ ಓದಿ ಹೇಳೀನಿ. ಅಕಲ್ ಅದ ಏನ್ ನಿನಗ?"

"ನೀ ಹೇಳಿದ್ದು ಬಿಗಿ ಅಂತ!"

"ನಾನಾ? ನಾ ಹೇಳೀನಾ? ಅರೆ, ಹುಡುಗನ್ನ ಮುಳುಗಸ್ತಾನ ಇವ!" ಮಾಸ್ತರರು ಚಪ್ಪಲಿ ಬಿಡಲಿಲ್ಲ, ಶೇರ್ವಾನಿ ಎತ್ತಿ ಕಟ್ಟಲಿಲ್ಲ. ಬೈಯುತ್ತ ಬೈಯುತ್ತ ನೀರಿಗಿಳಿದರು. ಮೊಣಕಾಲು, ಸೊಂಟ, ಎದೆ. ದೋಣಿಯ ಅಂಚು ಹಿಡಿದು, ಹಗ್ಗ ಕಿತ್ತುಕೊಂಡು, ಸಡಿಲಿಸಿದರು. ಹಾಯಿ ಬಿಡಿಸಿಕೊಂಡು ಈಚೆಗೆ ಬಂತು. ಅದರ ಮುಂದಿನ ಮೂಲೆ ಅವರ ಮುಖದ ಎದುರಿಗೇ ಬಂದು ಹೊಯ್ದಾಡಿತು. ಅವರು ಅದನ್ನು ಹಿಡಿದು ನೋಡಿದರು. ತಮ್ಮ ತೋಳು.

ನೀರಲ್ಲಿ ನಿಂತೇ ಕೇಳಿದರು: "ಇದು ಯಾರು ಕೊಟ್ಟರು?"

"ನಿನಗ ಕೇಳಿದ್ರ ಕೊಡತಿದ್ದಿಲ್ಲ. ಅದಕ್ಕ ಕೇಳಲಿಲ್ಲ" ಎಂದರು ಕಾಕಾ. ಆಮೇಲೆ ಬಂಡಿಯ ಕಡೆ ನೋಡದೆ, "ಚಹಾ ಮಾಡಸ್ತೀಯೋ ಇಲ್ಲೋ? ಅಷ್ಟು ದೂರಿಂದ ಬಂದೀವಿ" ಎಂದರು.

ಬಂಡಿಯ ಮೇಲಿನ ಟ್ರಂಕಿನಿಂದ ಚಹದ ಪಾತ್ರೆ ಹೊರಗೆ ಬಂತು. ಪಾತ್ರೆಯ ಹಿಂದೆ ಒಲೆಯ ಸಾಮಾನು ಬಂತು. ಮಧ್ಯಾಹ್ನದ ಊಟಕ್ಕೆಂದು ತಾಟುಗಳು ಬಂದವು. ಗಾಳಿ ಯಾಕೆ ತಿರುಗಿತು, ತಪ್ಪು ಯಾರದು ಎಂದು ಇಬ್ಬರೂ ಸಂಜೆಯವರೆಗೆ ಕೂಗಾಡಿದರು. ಮಲಗುವುದಕ್ಕೆ ಹಾಸಿಗೆಯೂ ಇಳಿಯಿತು. ಬಂಡಿಯವನು ಬೇಸತ್ತು, ಖಾಲಿ ಬಂಡಿ ಹೊಡೆದುಕೊಂಡು ಹೋದ. ಮಾಸ್ತರರು ಮತ್ತೆ ಬಂಡಿ ಹೇಳಲಿಲ್ಲ.

ಕಾಕಾ ಅಂದು ಹಗ್ಗ ಬಿಗಿದದ್ದು ತಿಳಿಯದೆಯೋ, ತಿಳಿದೋ? ಆ ಪುಸ್ತಕದ ಆ ಪುಟ ಅವರಿಗೆ ಬಾಯಿಪಾಠವಾಗಿತ್ತು. ಹಗ್ಗ ಜಗ್ಗುವ ಮುಂಚೆ ಅವರು ಒಮ್ಮೆ ದಂಡೆಯ ಕಡೆ ನೋಡಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಅಥವಾ ನೋಡಿದ್ದರೆ ಚೆನ್ನಾಗಿತ್ತೆಂದು ನಾನೇ ಆಮೇಲೆ ಸೇರಿಸಿಕೊಂಡೆನೋ? ಕೇಳಿದಾಗೆಲ್ಲ ಕಾಕಾ, "ನೀ ಬಿ.ಎ. ಓದೀದಿ, ನೀನೇ ಹೇಳು" ಎಂದು ನಗುತ್ತಿದ್ದರು.

ದೋಣಿ ಆಮೇಲೆ ಎಷ್ಟೋ ಸಲ ಕೆರೆ ದಾಟಿತು. ಕೊನೆಗೆ ತಳದ ಹಲಗೆ ಲಡ್ಡಾಗಿ ಮತ್ತೆ ಅಂಗಳಕ್ಕೆ ಬಂದು ಕಪಾಟಾಯಿತು. ಮಾಸ್ತರರು ತೀರಿಕೊಂಡ ವರ್ಷ ಕಾಕಾ ಹಾಯಿಯನ್ನು ಬಿಚ್ಚಿ ಮನೆಗೆ ತಂದರು. ಕಾಕಿ ಅದಕ್ಕೆ ಇನ್ನೊಂದು ಮುಮ್ಮೂಲೆ ಜೋಡಿಸಿ ಹೊದೆಯುವ ಕೌದಿ ಮಾಡಿದಳು.

ಅದು ಈಗ ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿದೆ. ಕಾಕಿ ಹೋದ ಮೇಲೆ ಕಾಕಾ ನಮ್ಮಲ್ಲಿಗೆ ಬಂದಾಗ ಅವರ ಕೈಯಲ್ಲಿದ್ದ ಸಾಮಾನು ಅದೊಂದೇ. ಅದರ ಮೂಲೆಯಲ್ಲಿ ಇವತ್ತಿಗೂ ಗಟ್ಟಿಯಾದದ್ದೇನೋ ಬೆರಳಿಗೆ ಸಿಗುತ್ತದೆ. ರೊಟ್ಟಿಯೋ, ಬರಿಯ ದಾರದ ಗಂಟೋ, ಬಿಚ್ಚಿದರೆ ತಿಳಿಯುತ್ತದೆ. ನಾನು ಬಿಚ್ಚಿಲ್ಲ. ಎಲ್ಲವನ್ನೂ ಬಿಚ್ಚಿ ನೋಡು ಎಂದು ಕಲಿತು ಬಂದವನು ಇದೊಂದನ್ನು ಬಿಚ್ಚಿಲ್ಲ.

ಒಂದು ಮೇ ತಿಂಗಳ ಮಧ್ಯಾಹ್ನ. ಕಲಬುರಗಿಯ ಬಿಸಿಲು ನಿಮಗೆ ಗೊತ್ತಲ್ಲ. ಕರೆಂಟ್ ಹೋಗಿತ್ತು. ಬೇವಿನ ಮರದ ಎಲೆ ಕೂಡ ಅಲುಗುತ್ತಿರಲಿಲ್ಲ. ಮಂಚದ ಮೇಲೆ ಮಲಗಿದ್ದ ಕಾಕಾ ಕೌದಿ ಹೊದಿಸು ಎಂದರು. ಈ ಸೆಕೆಯಲ್ಲೇ ಎಂದರೂ ಕೇಳಲಿಲ್ಲ. ಹೊದಿಸಿದೆ. ಶೇರ್ವಾನಿಯ ತುಂಡು ಕಾಲ ಕಡೆ ಹೋಗಿತ್ತು. ಅದನ್ನು ತಿರುಗಿಸಿ ಎದೆಯ ಮೇಲೆ ಬರುವಂತೆ ಮಾಡಿಸಿಕೊಂಡರು. ಅದು ಕರಿಯೋ ನೀಲಿಯೋ, ಅಷ್ಟು ವರ್ಷಗಳ ಮೇಲೆ ಯಾರೂ ಹೇಳುವಂತಿರಲಿಲ್ಲ.

ಕಣ್ಣು ಮುಚ್ಚಿಕೊಂಡೇ ಕೇಳಿದರು: "ಏ ಬಿ.ಎ., ಗಾಳಿ ಯಾವ ಕಡಿಂದ ಅದ ನೋಡು."

ನಾನು ಕಿಟಕಿಯ ಕಡೆ ನೋಡಿದೆ. ಗಾಳಿ ಎಲ್ಲಿಯೂ ಇರಲಿಲ್ಲ. ಸಾಕ್ಷಿಯಿಲ್ಲದೆ ಒಂದು ಮಾತೂ ಆಡದವನು ನಾನು. ಬೆರಳು ಎಂಜಲು ಮಾಡಿ ಮೇಲೆತ್ತಿ ಹಿಡಿದು, "ಇಲ್ಲಿಂದ ಆಚೆ ದಂಡಿಗೆ ಬೀಸಾಕತ್ತದ ಕಾಕಾ. ಚಲೋ ಗಾಳಿ ಅದ" ಎಂದೆ.

"ಹಂಗಾದ್ರ ಹಗ್ಗ ಬಿಡೋ, ಹೈವಾನ್" ಎಂದರು ಕಾಕಾ, ನಗುತ್ತ.

ನಾನು ಅಲ್ಲಿಯವರೆಗೂ ಕೌದಿಯ ಮೂಲೆಯನ್ನು ಬಿಗಿಯಾಗಿ ಹಿಡಿದುಕೊಂಡೇ ನಿಂತಿದ್ದೆ. ಬಿಟ್ಟೆ.